ಟಿಟಿಜಿ ನೆಗೆಟಿವ್ ಬಂದರೆ ಊಟದ ಬಗ್ಗೆ ಕೇಳಿ

ಶಿವಮೊಗ್ಗದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ನಾನು. ನಮ್ಮ ಮ್ಯಾನೇಜ್‌ಮೆಂಟ್‌ಗೆ ಟಿಎಟಿ, ಅಂದರೆ ಸ್ಯಾಂಪಲ್ ಬಂದು ರಿಪೋರ್ಟ್ ಹೋಗುವವರೆಗಿನ ಸಮಯ, ಅದೊಂದೇ ಚಿಂತೆ. ರಿಪೋರ್ಟ್ ಬೇಗ ಹೋಗಬೇಕು, ಅಷ್ಟೇ. ಸೀಲಿಯಾಕ್ (ಗೋಧಿಯಂಥ ಕಾಳಿನ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಸಣ್ಣಕರುಳು ಹಾಳಾಗುವ ಕಾಯಿಲೆ) ಪ್ಯಾಕೇಜ್‌ನಲ್ಲಿ ಟೋಟಲ್ ಐಜಿಎ (ರಕ್ತದಲ್ಲಿ ಐಜಿಎ ಎಂಬ ಆ್ಯಂಟಿಬಾಡಿ ಒಟ್ಟು ಎಷ್ಟಿದೆ ಅನ್ನುವ ಟೆಸ್ಟ್) ಸೇರಿಸಿ ಅಂತ ಎಷ್ಟು ಸಲ ಕೇಳಿದರೂ ರೇಟ್ ಜಾಸ್ತಿಯಾಗುತ್ತೆ ಅನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿಯ ಸ್ಯಾಂಪಲ್ ಬಂತು. ಐರನ್ ಟಾನಿಕ್ ಕುಡಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ, ವಯಸ್ಸಿಗೆ ತಕ್ಕ ಎತ್ತರವೂ ಇರಲಿಲ್ಲ. ಡಾಕ್ಟ್ರು ಟಿಟಿಜಿ ಐಜಿಎ ಬರೆದಿದ್ದರು, ಸೀಲಿಯಾಕ್‌ನಲ್ಲಿ ಏರುವ ಒಂದು ಆ್ಯಂಟಿಬಾಡಿಯ ಟೆಸ್ಟ್ ಅದು. ಅದನ್ನು ಅಳೆಯುವ ಎಲಿಸಾ ರನ್ ಮುಗಿಯಿತು. ರನ್ ಸರಿ ನಡೆದಿದೆಯಾ ಅಂತ ತೋರಿಸುವ ಕಂಟ್ರೋಲ್ ಸರಿಯಿತ್ತು, ಅವಳ ವ್ಯಾಲ್ಯೂ ಕಟ್‌ಆಫ್‌ಗಿಂತ ಎಷ್ಟೋ ಕೆಳಗಿತ್ತು. ಕೌಂಟರ್‌ನಿಂದ ಫೋನ್ ಬಂತು: "ನೆಗೆಟಿವ್ ತಾನೆ? ಬೇಗ ಕಳಿಸಿ, ಅವರಿಗೆ ಬಸ್ ಹೊರಟುಹೋಗುತ್ತೆ."

ನನಗೆ ಕೈ ಬರಲಿಲ್ಲ. ಹೊರಗೆ ಹೋಗಿ ಅವಳ ಅಪ್ಪನನ್ನು ಕೇಳಿದೆ, "ಮಗಳು ಚಪಾತಿ, ಬ್ರೆಡ್, ಉಪ್ಪಿಟ್ಟು ತಿಂತಾಳಾ?"

"ಇಲ್ಲ ಮೇಡಂ. ಗೋಧಿ ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ ಅಂತ ನಿಲ್ಲಿಸಿ ಎಷ್ಟೋ ತಿಂಗಳಾಯ್ತು. ಕಡುಬು, ಅಕ್ಕಿ ರೊಟ್ಟಿ, ಗಂಜಿ, ಅಷ್ಟೇ."

ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋಗುತ್ತಿದ್ದರೆ ಮಾತ್ರ ಈ ಆ್ಯಂಟಿಬಾಡಿ ರಕ್ತದಲ್ಲಿ ಏರಿರುತ್ತದೆ. ತಿನ್ನುವುದು ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ, ಕಾಯಿಲೆ ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ಅನ್ನವೇ ಊಟವಾಗಿರುವ ನಮ್ಮ ಮಲೆನಾಡಿನ ಮನೆಗಳಲ್ಲಿ ಗೋಧಿ ಬಿಟ್ಟಿದ್ದೇವೆ ಅಂತ ಯಾರಿಗೂ ಅನ್ನಿಸುವುದೇ ಇಲ್ಲ, ಅದಕ್ಕೇ ಯಾರೂ ತಾವಾಗಿ ಹೇಳುವುದಿಲ್ಲ.

ಡಾಕ್ಟ್ರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಪ್ಪ ಗಡಿಯಾರ ನೋಡುತ್ತಿದ್ದರು, ಹುಡುಗಿ ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು, ಮ್ಯಾನೇಜರ್ ಒಳಗಿಂದ ಎರಡು ಸಲ ಕೂಗಿದರು. ನಾನು ರಿಲೀಸ್ ಒತ್ತಲಿಲ್ಲ. ಕೊನೆಗೆ ಡಾಕ್ಟ್ರೇ ವಾಪಸ್ ಫೋನ್ ಮಾಡಿದರು. "ಒಳ್ಳೆ ಕೆಲಸ ಮಾಡಿದ್ರಿ, ಉಳಿದ ಸೀರಂನಲ್ಲಿ ಟೋಟಲ್ ಐಜಿಎ ಹಾಕಿ" ಅಂದರು. ಸೀಲಿಯಾಕ್ ಇರುವ 100 ಜನರಲ್ಲಿ 2-3 ಮಂದಿಗೆ ಐಜಿಎಯೇ ಕೊರತೆ ಇರುತ್ತದೆ. ಅಂಥವರಲ್ಲಿ ಟಿಟಿಜಿ ಐಜಿಎ ಕಡಿಮೆ ಬಂದರೆ ಅದನ್ನು ನಂಬುವ ಹಾಗಿಲ್ಲ, ಐಜಿಜಿ ಎಂಬ ಬೇರೆ ಬಗೆಯ ಆ್ಯಂಟಿಬಾಡಿ ನೋಡುವ, ಡಿಜಿಪಿ ಐಜಿಜಿಯಂಥ ಟೆಸ್ಟ್ ಮಾಡಬೇಕು. ಇವಳ ಟೋಟಲ್ ಐಜಿಎ ನಾರ್ಮಲ್ ಬಂತು. ಹಾಗಾಗಿ ಅನುಮಾನ ಉಳಿದಿದ್ದು ಊಟದ ಮೇಲೆಯೇ.

ಡಾಕ್ಟ್ರ ನಿಗಾದಲ್ಲಿ ಕೆಲವು ವಾರ ದಿನಾ ಗೋಧಿ ತಿನ್ನಿಸಿ ಮತ್ತೆ ರಕ್ತ ತೆಗೆದೆವು. ಈ ಸಲ ಟಿಟಿಜಿ ನಮ್ಮ ಕಿಟ್‌ನಲ್ಲಿ ನಾರ್ಮಲ್ ಅನ್ನುವ ಗರಿಷ್ಠ ಮಿತಿಯ ಮೂರು ಪಟ್ಟು ದಾಟಿತ್ತು. ಮಕ್ಕಳಲ್ಲಿ ಹತ್ತು ಪಟ್ಟು ಅಥವಾ ಜಾಸ್ತಿ ಬಂದು, ಬೇರೆ ಸ್ಯಾಂಪಲ್‌ನಲ್ಲಿ ಇಎಂಎ (ಸೀಲಿಯಾಕ್‌ನ ಇನ್ನೊಂದು ಆ್ಯಂಟಿಬಾಡಿ ಟೆಸ್ಟ್) ಕೂಡ ಪಾಸಿಟಿವ್ ಆದರೆ ಬಯಾಪ್ಸಿ ಇಲ್ಲದೆ ನಿರ್ಧರಿಸಬಹುದು ಅಂತ ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2020ರಲ್ಲಿ ಹೇಳಿದೆ. ಇವಳದು ಅಷ್ಟಿರಲಿಲ್ಲ, ಬಯಾಪ್ಸಿಗಾಗಿ ಎಂಡೋಸ್ಕೋಪಿಗೆ ಕಳಿಸಿದರು. ಅಲ್ಲಿ ಸೀಲಿಯಾಕ್ ಖಚಿತವಾಯಿತು. ಒಂದು ಮಾತು: ಕಿಟ್‌ನಿಂದ ಕಿಟ್‌ಗೆ ಯೂನಿಟ್ ಬೇರೆ. ಎರಡು ಲ್ಯಾಬ್‌ಗಳ ಅಂಕಿಯನ್ನು ಪಕ್ಕ ಪಕ್ಕ ಇಟ್ಟು ಗಾಬರಿಯಾಗಬೇಡಿ, ಆಯಾ ರಿಪೋರ್ಟ್‌ನ ಮಿತಿಗೇ ಹೋಲಿಸಿ.

ಟೆಸ್ಟ್‌ಗೆ ಮೊದಲು ಗೋಧಿ ಬಿಡಬೇಡಿ. ಈಗಾಗಲೇ ಬಿಟ್ಟಿದ್ದರೆ ರಕ್ತ ಕೊಡುವಾಗಲೇ ಹೇಳಿ. ನಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇನ್ನೂ ಬಂದಿಲ್ಲ, ನಾನು ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.