ರೇಷ್ಮೆ ಹುಳುವಿನ ಜೀನೋಮಿನಲ್ಲಿ ಔಷಧಿ ಹುಡುಕಾಟ: ನಾಲ್ಕನೇ ತಿಂಗಳು

ಹೋದ ಮಳೆಗಾಲದಲ್ಲಿ ನಮ್ಮ ಹುಳು ಮನೆಗೆ ಸಪ್ಪೆ ರೋಗ ಬಂತು, ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ಬರುವ ರೋಗ ಅದು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚಲು ಸುಮ್ಮನೆ ಕೂರುವ ಹೊತ್ತಿನಿಂದ, ಎದ್ದ ಹುಳುಗಳು ಸೊಪ್ಪು ಮುಟ್ಟಲಿಲ್ಲ. ಮೈ ಮೆತ್ತಗಾಗಿ, ಕಪ್ಪಾಗಿ ಸತ್ತವು. ಅಪ್ಪ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಆದರೆ ಅದೇ ತಟ್ಟೆಯಲ್ಲಿ ಅದೇ ಸೊಪ್ಪು ತಿಂದ ಕೆಲವು ಹುಳು ಏನೂ ಆಗದ ಹಾಗೆ ಚಂದ್ರಿಕೆಗೆ (ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆ) ಹತ್ತಿ ಗೂಡು ಕಟ್ಟಿದವು. ಅವು ಹೇಗೆ ಉಳಿದವು? ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಹುಳುವಿನ ಜೀನೋಮಿನಲ್ಲಿ, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹದಲ್ಲಿ, ರೋಗ ತಡೆಯುವ ಜೀನುಗಳನ್ನು ಹುಡುಕುವ ಈ ಕೆಲಸ ಶುರುವಾಗಿದ್ದು ಅಲ್ಲಿಂದ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಹಗಲು ಹಿಪ್ಪುನೇರಳೆ ತೋಟ, ರಾತ್ರಿ ಹಳೆಯ ಲ್ಯಾಪ್‌ಟಾಪ್. ಲ್ಯಾಬ್ ಇಲ್ಲ. ಈ ಹುಡುಕಾಟಕ್ಕೆ ಅದು ಬೇಕಾಗಿಯೂ ಇಲ್ಲ, ಸದ್ಯಕ್ಕೆ.

ಹುಳುಗಳಿಗೆ ನಮ್ಮ ಹಾಗೆ ಪ್ರತಿಕಾಯಗಳಿಲ್ಲ. ಬ್ಯಾಕ್ಟೀರಿಯಾ ಒಳಗೆ ಹೊಕ್ಕರೆ ಅವು ಚಿಕ್ಕ ಚಿಕ್ಕ ಪ್ರೋಟೀನ್ ತುಂಡುಗಳನ್ನು ರಕ್ತಕ್ಕೆ ಬಿಡುತ್ತವೆ. ಇವನ್ನು ಪೆಪ್ಟೈಡ್ ಅನ್ನುತ್ತಾರೆ. ಸ್ವೀಡನ್ನಿನ ಹಾನ್ಸ್ ಬೊಮನ್ ತಂಡ ಸಿಕ್ರೋಪಿಯಾ ಅನ್ನುವ ದೊಡ್ಡ ಪತಂಗದ ಪ್ಯೂಪಾಗೆ (ಗೂಡಿನೊಳಗಿನ ಹಂತ) ಬ್ಯಾಕ್ಟೀರಿಯಾ ಚುಚ್ಚಿ, ಅದರ ರಕ್ತದಿಂದ ಇಂಥದ್ದೊಂದನ್ನು ಬೇರ್ಪಡಿಸಿತು. 1981ರಲ್ಲಿ ಅದರ ಪೂರ್ತಿ ವಿವರ ಹೊರಬಂತು. ಹೆಸರು ಸಿಕ್ರೋಪಿನ್. ನಮ್ಮ ರೇಷ್ಮೆ ಹುಳುವಿನಲ್ಲೂ ಸಿಕ್ರೋಪಿನ್ ಇದೆ. ಜೊತೆಗೆ ಅಟಾಸಿನ್, ಗ್ಲೋವೆರಿನ್, ಲೆಬೋಸಿನ್, ಡಿಫೆನ್ಸಿನ್ ಇವೆ. ಇನ್ನೊಂದು ಮೋರಿಸಿನ್, ಇದು 1995ರಲ್ಲಿ ರೇಷ್ಮೆ ಹುಳುವಿನಲ್ಲೇ ಮೊದಲು ಸಿಕ್ಕಿದ್ದು. ಇಷ್ಟು ವರ್ಷ ಹುಳು ಸಾಕಿದ ಮನೆಯಲ್ಲಿ ಬೆಳೆದೂ ನನಗೆ ಇದು ಗೊತ್ತಿರಲಿಲ್ಲ.

ಮೊದಲ ತಿಂಗಳು ಹೋಗಿದ್ದು ಡೇಟಾ ಇಳಿಸಿಕೊಳ್ಳುವುದಕ್ಕೆ, ಲಿನಕ್ಸ್ ಕಲಿಯುವುದಕ್ಕೆ. ಹುಳುವಿನ ಜೀನೋಮ್ ಸುಮಾರು 46 ಕೋಟಿ ಅಕ್ಷರ, 28 ಜೊತೆ ಕ್ರೋಮೋಸೋಮ್. ಎಲ್ಲರಿಗೂ ಉಚಿತ. ಅರ್ಧ ಜಿಬಿಯೊಳಗೆ ಹಿಡಿಯುತ್ತದೆ, ಒಂದು ಸಿನಿಮಾಗಿಂತ ಕಡಿಮೆ.

ಎರಡನೇ ತಿಂಗಳು ಮೋರಿಸಿನ್ ಒಂದನ್ನೇ ಹಿಡಿದು ಕೂತೆ. ಬರೀ 42 ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರದ ಮಣಿಗಳು; ಒಂದೊಂದಕ್ಕೂ ಒಂದು ಅಕ್ಷರ. ಪೆನ್ಸಿಲ್ ಹಿಡಿದು ಒಂದೊಂದಾಗಿ ಎಣಿಸಿದೆ. ಲೈಸಿನ್ 9, ಆರ್ಜಿನಿನ್ 2. ಈ ಎರಡಕ್ಕೂ ಧನ ವಿದ್ಯುತ್ ಗುಣ ಇದೆ. ಋಣ ಗುಣದ್ದು ಒಂದೇ ಒಂದು ಆಸ್ಪಾರ್ಟಿಕ್ ಆಮ್ಲ. ಕಳೆದರೆ ಉಳಿಯುವುದು ಧನ 10. ಇಷ್ಟು ಚಿಕ್ಕ ತುಂಡಿಗೆ ಇದು ತುಂಬಾ ಜಾಸ್ತಿ. ಬ್ಯಾಕ್ಟೀರಿಯಾದ ಹೊರಮೈ ಋಣ, ಹಾಗಾಗಿ ಪೆಪ್ಟೈಡ್ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಪೊರೆಯೊಳಗೆ ನುಗ್ಗಿ ತೂತು ಮಾಡುತ್ತದೆ. ನಮ್ಮ ಜೀವಕೋಶಗಳ ಹೊರಮೈಗೆ ಅಂಥ ಋಣ ಗುಣ ಅಷ್ಟಾಗಿ ಇಲ್ಲ. ಶತ್ರುವನ್ನು ಗುರುತಿಸುವ ಕೆಲಸ ಇಲ್ಲಿ ಬರೀ ವಿದ್ಯುತ್ ಸೆಳೆತದಿಂದ ಆಗುತ್ತಿದೆ! ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಬ್ಲಾಸ್ಟ್ ಅನ್ನುವ ಹುಡುಕು ಸಾಫ್ಟ್‌ವೇರ್‌ಗೆ ಈ 42 ಅಕ್ಷರ ಕೊಟ್ಟು, ಇದರ ಹೋಲಿಕೆಯವು ಎಲ್ಲೆಲ್ಲಿವೆ ಅಂತ ಇಡೀ ಜೀನೋಮಿನಲ್ಲಿ ಹುಡುಕಿಸಿದೆ. ಮೊದಲ ಸಲ ಬಂದಿದ್ದು ತೀರಾ ಕಡಿಮೆ. ಕಾರಣ ತಿಳಿಯಲು ವಾರ ಹಿಡಿಯಿತು. ಪೆಪ್ಟೈಡ್ ಚಿಕ್ಕದಾದಷ್ಟೂ ಹೋಲಿಕೆಯ ಅಂಕ ಕಡಿಮೆ ಬರುತ್ತದೆ, ಆಕಸ್ಮಿಕ ಇರಬೇಕು ಅಂತ ಸಾಫ್ಟ್‌ವೇರ್ ಅದನ್ನು ಕೈಬಿಡುತ್ತದೆ. ಜೊತೆಗೆ, ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಜಾಗಗಳನ್ನು ಮುಚ್ಚಿಡುವ ಒಂದು ಜರಡಿಯೂ ಇದೆ. ಜರಡಿ ತೆಗೆದು, ಮಿತಿ ಸಡಿಲಿಸಿ ಮತ್ತೆ ಓಡಿಸಿದೆ. ಒಂದರ ಪಕ್ಕ ಒಂದು, ಸಾಲಾಗಿ ಬಂದವು. ಒಂದು ಹಳೆಯ ಜೀನ್ ನಕಲಾಗಿ, ನಕಲು ಸ್ವಲ್ಪ ಬದಲಾಗಿ ಕುಟುಂಬವೇ ಬೆಳೆದಿದೆ.

ಮೂರನೇ ತಿಂಗಳ ತಪ್ಪನ್ನೂ ಬರೆದಿಡುತ್ತೇನೆ. ಸಿಕ್ರೋಪಿನ್ ಹುಡುಕುವಾಗ ಅರ್ಧ ಒಂದು ಕಡೆ, ಇನ್ನರ್ಧ ನೂರಾರು ಅಕ್ಷರ ಆಚೆ ಸಿಕ್ಕಿತು. ಇದು ಮುರಿದುಹೋದ ಜೀನ್ ಅಂದುಕೊಂಡು ಪಟ್ಟಿಯಿಂದ ತೆಗೆದೆ. ಹಾಗೆ ಎಷ್ಟೋ ತೆಗೆದುಬಿಟ್ಟೆ. ಸುರತ್ಕಲ್‌ನಲ್ಲಿ ಓದುತ್ತಿರುವ ತಂಗಿಗೆ ತೋರಿಸಿದಾಗ, "ಅಣ್ಣ, ಮಧ್ಯದಲ್ಲಿ ಇಂಟ್ರಾನ್ ಇರಬಹುದಲ್ವಾ?" ಅಂದಳು. ನಿಜ. ಜೀನಿನ ಮಧ್ಯೆ ಬರುವ, ಪ್ರೋಟೀನ್ ಕಟ್ಟುವ ಮೊದಲು ಕತ್ತರಿಸಿ ಎಸೆಯುವ ಭಾಗ ಅದು. ಸಿಕ್ರೋಪಿನ್ ಜೀನುಗಳಲ್ಲಿ ಅದು ಇರುತ್ತದೆ. ಪೂರ್ತಿ ಪಟ್ಟಿ ಮತ್ತೆ ಮೊದಲಿನಿಂದ.

ಇನ್ನೊಂದು ತಿದ್ದುಪಡಿ. ಹಾಲುತೊಂಡೆಗೂ ಇದರಲ್ಲೇ ಉತ್ತರ ಸಿಗುತ್ತದೆ ಅಂತ ಮೊದಲ ತಿಂಗಳ ಟಿಪ್ಪಣಿಯಲ್ಲಿ ಬರೆದಿದ್ದೆ. ಅವಸರದ ಮಾತು. ಅದು ವೈರಸ್ಸಿನಿಂದ ಬರುವ ರೋಗ. ಈ ಪೆಪ್ಟೈಡ್‌ಗಳ ಮುಖ್ಯ ಗುರಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ.

ಇದರಿಂದ ಮನುಷ್ಯರಿಗೆ ಔಷಧಿ ಆಗುತ್ತದಾ ಅಂತ ಅಪ್ಪ ಕೇಳುತ್ತಾರೆ. ದಾರಿ ಉದ್ದ ಇದೆ ಅಂತ ಹೇಳುತ್ತೇನೆ. ಕಪ್ಪೆಯ ಚರ್ಮದ ಪೆಪ್ಟೈಡ್ ನೋಡಿ ಮಾಡಿದ ಪೆಕ್ಸಿಗನಾನ್ ಅನ್ನುವ ಔಷಧಿಗೆ 1999ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಗಲಿಲ್ಲ. ಆದರೆ 2024ರಲ್ಲಿ ಒಂದು ತಂಡ ಸೂಕ್ಷ್ಮಜೀವಿಗಳ ಡಿಎನ್‌ಎ ಡೇಟಾವನ್ನು ಕಂಪ್ಯೂಟರಿನಲ್ಲಿ ಜಾಲಾಡಿ 8 ಲಕ್ಷಕ್ಕೂ ಹೆಚ್ಚು ಪೆಪ್ಟೈಡ್‌ಗಳನ್ನು ಗುರುತಿಸಿತು. ಅದರಲ್ಲಿ 100 ತಯಾರಿಸಿ ಪರೀಕ್ಷಿಸಿದಾಗ 79 ಕೆಲಸ ಮಾಡಿದವು. ಈ ಲೆಕ್ಕ ನನಗೆ ತುಂಬಾ ಧೈರ್ಯ ಕೊಟ್ಟಿದೆ.

ಈಗ ಕಾಡುತ್ತಿರುವುದು ಬೇರೆ. ನಾನು ಹುಡುಕುತ್ತಿರುವ ಜೀನೋಮ್ ಪಿ50ಟಿ ಅನ್ನುವ ತಳಿಯದ್ದು. ನಮ್ಮ ಮಿಶ್ರತಳಿಯ ತಾಯಿ ಮೈಸೂರು ಹುಳು. ಬಿಸಿಲು, ರೋಗ ತಡೆಯುವುದರಲ್ಲಿ ಅದೇ ಗಟ್ಟಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆ ಗಟ್ಟಿತನ ಈ ಜೀನುಗಳಲ್ಲಿದೆಯಾ, ಅಥವಾ ಬೇರೆಲ್ಲೋ ಇದೆಯಾ? 2022ರಲ್ಲಿ 545 ರೇಷ್ಮೆ ಹುಳುಗಳ ಜೀನೋಮ್ ಜೋಡಿಸಿ ಪ್ರಕಟಿಸಿದ್ದಾರೆ. ಬೇರೆ ಬೇರೆ ತಳಿಗಳಲ್ಲಿ ಮೋರಿಸಿನ್ ಜೀನುಗಳ ಸಾಲು ಎಲ್ಲಿ ಉದ್ದ, ಎಲ್ಲಿ ಗಿಡ್ಡ ಅಂತ ಅದರಲ್ಲಿ ನೋಡಬೇಕು. ಲ್ಯಾಪ್‌ಟಾಪಿಗೆ ಅಷ್ಟು ಹೊರೆ ಹೊರಲು ಆಗುವುದಿಲ್ಲ, ಹಾಗಾಗಿ ಒಂದೊಂದಾಗಿ ಇಳಿಸಿಕೊಳ್ಳುತ್ತೇನೆ.

ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ನಾಳಿದ್ದು ಎದ್ದರೆ ಸೊಪ್ಪು ಕೊಯ್ಯುವುದರಲ್ಲೇ ದಿನ ಮುಗಿಯುತ್ತದೆ. ಮುಂದಿನ ಟಿಪ್ಪಣಿ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲೆ.