ಮೀಟರ್ ಮುಳ್ಳಿನ ಕುಣಿತ

ನನ್ನ ಹಳೇ ಪಿಕಪ್‌ನ ಸ್ಪೀಡೋಮೀಟರ್ ಮುಳ್ಳು ಕುಣಿಯಲು ಶುರು ಮಾಡಿ ತುಂಬಾ ದಿನವಾಗಿತ್ತು. ಗಾಡಿ ಒಂದೇ ಸಮನೆ ಓಡುತ್ತಿದ್ದರೂ ಮುಳ್ಳು 40ಕ್ಕೂ 70ಕ್ಕೂ ನಡುವೆ ತಕತಕ ಅನ್ನುತ್ತಿತ್ತು. ಜೊತೆಗೆ ಡ್ಯಾಶ್‌ಬೋರ್ಡ್ ಒಳಗಿಂದ ಕಿರಕಿರ ಸದ್ದು ಬೇರೆ. ನಾನು ಎರಡರ ನಡುವಿನ ಅಂದಾಜಿನಲ್ಲಿ ಓಡಿಸಿಕೊಂಡಿದ್ದೆ. ಪಕ್ಕದಲ್ಲಿ ಕೂರುವ ಹೆಂಡತಿ ಮಾತ್ರ ಮುಳ್ಳು 70 ಮುಟ್ಟಿದಾಗಲೇ ಸರಿಯಾಗಿ ನೋಡಿ "ನಿಧಾನ ರೀ" ಅನ್ನುತ್ತಿದ್ದಳು. "ಮುಳ್ಳು ಸುಳ್ಳು ಹೇಳ್ತಿದೆ ಕಣೇ" ಅಂತ ನಾನು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮುಳ್ಳಿನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಒಂದು ಭಾನುವಾರ ಗಾಡಿ ಕೆಳಗೆ ಮಲಗಿ ನೋಡಿದೆ. ಗೇರ್‌ಬಾಕ್ಸ್‌ನಿಂದ ಮೀಟರ್‌ವರೆಗೆ ಒಂದು ಕೇಬಲ್ ಹೋಗುತ್ತದೆ. ಹೊರಗೆ ಕಪ್ಪು ಕವಚ, ಒಳಗೆ ತಂತಿಯ ಮೇಲೆ ತಂತಿ ಸುತ್ತಿದ ಹುರಿ. ಗಾಡಿ ಚಲಿಸಿದಷ್ಟೂ ಗೇರ್‌ಬಾಕ್ಸ್‌ನ ಒಂದು ಪುಟ್ಟ ಗೇರ್ ಈ ಹುರಿಯನ್ನು ತಿರುಗಿಸುತ್ತಿರುತ್ತದೆ. ಕೇಬಲ್ ಹಿಡಿದಿಡುವ ಕ್ಲಿಪ್ ಯಾವಾಗಲೋ ಮುರಿದು, ಅದು ಜೋತುಬಿದ್ದು ಒಂದು ಕಡೆ ಮೊಣಕೈ ಥರ ಮಡಚಿಕೊಂಡಿತ್ತು.

ಒಳಗಿನ ಹುರಿ ಎಳೆದೆ. ಎಣ್ಣೆ ಪಸೆಯೇ ಇರಲಿಲ್ಲ, ಕೈಗೆ ತುಕ್ಕಿನ ಪುಡಿ ಹತ್ತಿತು. ಹುರಿಯನ್ನು ಸ್ವಲ್ಪ ಬಗ್ಗಿಸಿ ಹಿಡಿದು, ಒಂದು ತುದಿಯನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರೆ ಇನ್ನೊಂದು ತುದಿಯೂ ಅಷ್ಟೇ ಮೆಲ್ಲಗೆ ತಿರುಗಬೇಕು. ಇದು ಹಾಗಲ್ಲ. ಸ್ವಲ್ಪ ಹೊತ್ತು ತಡೆದು ನಿಂತು, ತಿರುಚು ಜಾಸ್ತಿಯಾದ ಮೇಲೆ ಪಟ್ಟನೆ ಹಾರುತ್ತಿತ್ತು. ಮುಳ್ಳು ಕುಣಿಯುತ್ತಿದ್ದದ್ದೂ ಇದೇ ತಾಳಕ್ಕೆ ಅಲ್ವಾ!

ಹೊಸ ಕೇಬಲ್ ತಂದೆ. ಹಳೆಯದು ಒಣಗಿ ಸತ್ತಿತ್ತಲ್ಲ, ಇದಕ್ಕೆ ಆ ಗತಿ ಬೇಡ ಅಂತ ತುದಿಯಿಂದ ತುದಿಗೆ ಧಾರಾಳವಾಗಿ ಗ್ರೀಸ್ ಬಳಿದು ಒಳಗೆ ತಳ್ಳಿದೆ. ಕ್ಲಿಪ್ ಹಾಕಿದೆ. ಮುಳ್ಳು ಕಂಬದ ಹಾಗೆ ನಿಂತಿತು. ಆ ಸಂಜೆ ನನ್ನಷ್ಟು ಜಂಬದ ಮನುಷ್ಯ ಇನ್ನೊಬ್ಬ ಇರಲಿಲ್ಲ.

ಕೆಲವು ವಾರ ಕಳೆದವು. ಒಂದು ಚಳಿಯ ಬೆಳಗ್ಗೆ ಗಾಡಿ ಹೊರಡಿಸಿದರೆ, ಆಗಷ್ಟೇ ಮೂರನೇ ಗೇರ್ ಹಾಕಿದ್ದೇನೆ, ಮುಳ್ಳು ಆಗಲೇ 90ರಲ್ಲಿ! ಗಾಡಿ ನಿಲ್ಲಿಸಿದರೂ ಸೋಮಾರಿ ಥರ ಇಳಿದು 20ರಲ್ಲಿ ಕೂತಿತು. ಬಿಸಿಲೇರಿದ ಮೇಲೆ ಸ್ವಲ್ಪ ಸುಧಾರಿಸಿತು. ಕಿಲೋಮೀಟರ್ ಎಣಿಸುವ ಅಂಕಿಗಳು ಮಾತ್ರ ಸರಿಯಾಗಿಯೇ ಉರುಳುತ್ತಿದ್ದವು. ಅಂಕಿ ತಿರುಗಿಸುವುದೂ ಇದೇ ಕೇಬಲ್. ಹಾಗಾಗಿ ಕೇಬಲ್ ಚೆನ್ನಾಗಿದೆ, ರೋಗ ಮೀಟರ್ ತಲೆಯಲ್ಲೇ ಇದೆ.

ಮೀಟರ್ ಕಳಚಿ, ಹಿಂಭಾಗ ಬಿಚ್ಚಿ ಟಾರ್ಚ್ ಹಾಕಿದೆ. ಅಷ್ಟು ದಿನ ನಾನು, ಕೇಬಲ್ಲೇ ಮುಳ್ಳನ್ನು ಗೇರ್ ಮೂಲಕ ಎತ್ತುತ್ತದೆ ಅಂದುಕೊಂಡಿದ್ದೆ. ಅಲ್ಲಿ ಅಂಥ ಸಂಬಂಧವೇ ಇಲ್ಲ. ಕೇಬಲ್ ತಿರುಗಿಸುವುದು ಒಂದು ಆಯಸ್ಕಾಂತವನ್ನು. ಅದರ ಮೇಲೆ ಅಲ್ಯೂಮಿನಿಯಂನ ಪುಟ್ಟ ಬಟ್ಟಲು ಬೋರಲು ಹಾಕಿದೆ. ಒಂದಕ್ಕೊಂದು ತಾಗುವುದಿಲ್ಲ, ನಡುವೆ ಬರೀ ಗಾಳಿ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೆ ಆಯಸ್ಕಾಂತ ಸುತ್ತಿದಾಗ ಬಟ್ಟಲಿನ ಲೋಹದೊಳಗೆ ಸುಳಿಸುಳಿಯಾಗಿ ವಿದ್ಯುತ್ ಹುಟ್ಟಿ, ಬಟ್ಟಲೂ ಅದರ ಹಿಂದೆ ತಿರುಗಲು ನೋಡುತ್ತದೆ. ಕೂದಲಿನಂಥ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗಾಟ ಎಲ್ಲಿ ಸಮವಾಗುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. 1902ರಲ್ಲಿ ಜರ್ಮನಿಯಲ್ಲಿ ಒಟ್ಟೋ ಶುಲ್ಝೆ ಎಂಬಾತ ಪೇಟೆಂಟ್ ಮಾಡಿಸಿದ ಉಪಾಯ ಇದು. ಬ್ಯಾಟರಿ ಬೇಡ, ವೈರ್ ಬೇಡ. ನಾನು ಸುಮ್ಮನೆ ನೋಡುತ್ತಾ ಕೂತೆ.

ಆ ಗಾಳಿಯ ಜಾಗದಲ್ಲಿ ಈಗ ನನ್ನ ಗ್ರೀಸ್ ಕೂತಿತ್ತು. ಸುತ್ತಿದ ತಂತಿಯ ಹುರಿ ಅಂದರೆ ಒಂಥರಾ ಉದ್ದನೆಯ ಸ್ಕ್ರೂ. ಅದು ತಿರುಗುತ್ತಾ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಏರಿಸಿಬಿಟ್ಟಿದೆ. ಚಳಿಗೆ ಗ್ರೀಸ್ ಗಟ್ಟಿಯಾದಾಗ ಆಯಸ್ಕಾಂತ ಬಟ್ಟಲನ್ನು ಕತ್ತಿನ ಪಟ್ಟಿ ಹಿಡಿದೇ ಎಳೆಯುತ್ತಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಕಾಗದದ ಸಣ್ಣ ಪಟ್ಟಿಗಳನ್ನು ಸ್ಪಿರಿಟ್‌ನಲ್ಲಿ ಅದ್ದಿ, ಆ ಸಂದಿಯೊಳಗೆ ತೂರಿಸಿ ತೂರಿಸಿ ಒರೆಸಿದೆ. ಪಟ್ಟಿ ಕಪ್ಪಾಗದೆ ಬರುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿತ್ತು. ಸ್ಪ್ರಿಂಗ್ ಹತ್ತಿರ ಉಸಿರೂ ಬಿಡಲಿಲ್ಲ. ಅದು ಒಂಚೂರು ಬಾಗಿದರೂ ಆಮೇಲೆ ಮೀಟರ್ ಹೇಳುವುದೆಲ್ಲ ಸುಳ್ಳೇ. ಹುರಿಯ ಚೌಕ ತುದಿಯ ತುಂಡೊಂದನ್ನು ಡ್ರಿಲ್‌ಗೆ ಸಿಕ್ಕಿಸಿ, ಮೀಟರ್ ಹಿಂದೆ ಇಟ್ಟು ಮೆಲ್ಲಗೆ ತಿರುಗಿಸಿದೆ. ಮುಳ್ಳು ಸೊನ್ನೆಯ ಕಡ್ಡಿಗೆ ಒತ್ತಿಕೊಂಡು ನಡುಗಿತು. ಎದೆ ಧಸಕ್ಕೆಂದಿತು. ನೋಡಿದರೆ ಡ್ರಿಲ್ ಉಲ್ಟಾ ತಿರುಗುತ್ತಿತ್ತು. ಸ್ವಿಚ್ ಬದಲಿಸಿದೆ. ಮುಳ್ಳು ಮೆಲ್ಲಗೆ ಎದ್ದಿತು, ಬಿಟ್ಟಾಗ ಸೊನ್ನೆಗೆ ಬಂದು ಕೂತಿತು.

ಕೇಬಲ್‌ನ ಗ್ರೀಸನ್ನೂ ಒರೆಸಿ ಮತ್ತೆ ತೆಳ್ಳಗೆ ಬಳಿದೆ. ಮೀಟರ್ ಕಡೆಯ ಒಂದು ಗೇಣಿಗೆ ಏನೂ ಹಚ್ಚಲಿಲ್ಲ.

ಮಾರನೇ ದಿನ ಪರೀಕ್ಷೆ. ಮುಳ್ಳನ್ನು 60ರಲ್ಲೇ ಇಟ್ಟುಕೊಂಡು ಓಡಿಸಿದೆ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನದಕ್ಕೆ 60 ಸೆಕೆಂಡ್ ಆಗಬೇಕು. ಹೆಂಡತಿ ಫೋನಿನಲ್ಲಿ ಅಳೆದಳು. 64 ಬಂತು. ಅಂದರೆ ಅಸಲು ವೇಗ 56. ಮೀಟರ್ ಒಂಚೂರು ಜಾಸ್ತಿ ತೋರಿಸಿದರೆ ಪರವಾಗಿಲ್ಲ, ಕಮ್ಮಿ ತೋರಿಸಬಾರದು ಅಷ್ಟೆ. ಅವಳು ಫೋನ್ ಕೆಳಗಿಟ್ಟು ಮುಳ್ಳನ್ನೇ ಸ್ವಲ್ಪ ಹೊತ್ತು ನೋಡಿದಳು.

"ಈಗ ನೆಟ್ಟಗೆ ನಿಂತಿದೆಯಲ್ಲ, ಇನ್ನು ಮುಳ್ಳು ಸುಳ್ಳು ಹೇಳ್ತಿದೆ ಅನ್ನೋ ನಿಮ್ಮ ನೆಪ ನಡೆಯಲ್ಲ ರೀ" ಅಂದಳು.