ಹಿತ್ತಲಿನ ಪದ್ಮಿನಿ

ಭಾನುವಾರ ಮಲ್ಪೆಯ ಒಂದು ಮನೆಯ ಹಿತ್ತಲಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಕಾರು ನೋಡಲು ಹೋಗಿದ್ದೆ. “ಎಂಜಿನ್, ಗೇರ್‌ಬಾಕ್ಸ್ ಎಲ್ಲ ಕಂಪನಿಯದೇ ಮಾರಾಯರೇ” ಎಂದರು ಯಜಮಾನರು. ಜೊತೆಗಿದ್ದ ಮೆಕ್ಯಾನಿಕ್ ಅಣ್ಣ ಮಾತಾಡದೆ ಸೀಮೆಎಣ್ಣೆ ಬಟ್ಟೆಯಿಂದ ಎಂಜಿನ್ ಒರೆಸಿದರು. ಜಿಡ್ಡಿನಡಿಯಿಂದ ಸಂಖ್ಯೆ ಎದ್ದು ಬಂತು, ಆರ್‌ಸಿಯಲ್ಲಿದ್ದದ್ದೇ. ಅಂಕಿಗಳೆಲ್ಲ ಒಂದೇ ಆಳ, ಸುತ್ತ ಉಜ್ಜಿದ ಗುರುತಿಲ್ಲ. ಎಂಜಿನ್ ಅಸಲಿಯೇ ಎಂದು ನಾನು ಹಿಗ್ಗಿದೆ.

ಆದರೆ ಗೇರ್‌ಬಾಕ್ಸ್‌ನ ಸಂಖ್ಯೆ ಆರ್‌ಸಿಯಲ್ಲಿ ಇರುವುದಿಲ್ಲವಲ್ಲ! ಆ ಕಾಲದ ಪದ್ಮಿನಿಗೆ ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿ. ಇಲ್ಲಿ ಅದು ನೆಲದಿಂದ ಎದ್ದು ನಿಂತಿತ್ತು. ಮ್ಯಾಟ್ ಎತ್ತಿದರೆ ಗ್ಯಾಸ್ ಕಟ್ಟರಿನಿಂದ ಕೊರೆದ ತೂತು, ಅಂಚೆಲ್ಲ ಇಲಿ ಕಡಿದ ರೊಟ್ಟಿಯಂತೆ. ಅಣ್ಣ ನನ್ನ ಮುಖ ನೋಡಿ ನಕ್ಕರು.

“ಅದು ಅಪ್ಪ ಇದ್ದಾಗ ಮಾಡಿಸಿದ್ದಿರಬೇಕು” ಎಂದು ಯಜಮಾನರು ತಲೆ ಕೆರೆದುಕೊಂಡರು. ಪಾಪ, ಸುಳ್ಳು ಹೇಳಿದಂತೆ ಕಾಣಲಿಲ್ಲ. ದಿನವೂ ಓಡಬೇಕಾದ ಗಾಡಿಗೆ ಕೈಗೆ ಸಿಕ್ಕಿದ ಗೇರ್‌ಬಾಕ್ಸ್ ಹಾಕಿಸಿದ್ದಾರೆ. ನಮ್ಮ ಅಜ್ಜನ ಹಲ್ಲಿನ ಸೆಟ್ಟೂ ಕಂಪನಿಯದಲ್ಲ. ಹಾಗೆಂದು ಅಸಲಿಯ ಬೆಲೆ ಕೊಡಲಾಗುತ್ತದೆಯೇ? ವ್ಯಾಪಾರ ಕುದುರಲಿಲ್ಲ. ಅವರ ಮನೆಯ ಬೂತಾಯಿ ಮೀನಿನ ಗಸಿ ಮಾತ್ರ ಅಪ್ಪಟ ಅಸಲಿ, ಎರಡು ಸಲ ಬಡಿಸಿಕೊಂಡೆ.